ಯಂತ್ರ ಓದದ ಸಾಲುಗಳು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಾಣದಕ್ಕ ಎಂದೇ ಕರೆಯುತ್ತಿದ್ದರು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ನಿಜ. ಆದರೆ ಆ ಹೆಸರು ಹಿಡಿದು ಗೇಟಿನಲ್ಲಿ ವಿಚಾರಿಸಿದರೆ ಕಾವಲಿನವನು ತಲೆ ಕೆರೆದುಕೊಂಡು, "ಅಂಥವರು ಇಲ್ಲಿ ಯಾರೂ ಇಲ್ವಲ್ಲ" ಎಂದು ಬಂದವರನ್ನು ವಾಪಸು ಕಳಿಸುತ್ತಿದ್ದ. ಬಾಣ ಎಂದರೆ ಬಿಲ್ಲಿಗೆ ಹೂಡುವ ಬಾಣವಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಸಾಲಾಗಿ ಶಾರ್ಟ್‌ಕಟ್‌ಗಳು ಕೂತಿರುತ್ತವಲ್ಲ, ಅವುಗಳ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತಿರುತ್ತದೆ, ಅದು. ಕಡತ ಎಲ್ಲೋ ದೂರದ ದೊಡ್ಡ ಯಂತ್ರದೊಳಗೆ, ಫೋಲ್ಡರಿನೊಳಗಿನ ಫೋಲ್ಡರಿನಲ್ಲಿ ಹೂತುಹೋಗಿರುತ್ತದೆ; ಬಾಣ ಒತ್ತಿದರೆ ನೇರ ಅಲ್ಲಿಗೆ ದಾರಿ. ನೀರೆತ್ತುವ ಪಂಪು ಮಾಡುವ ಆ ಕಾರ್ಖಾನೆಯಲ್ಲಿ ಶಾರ್ಟ್‌ಕಟ್ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. "ಅಕ್ಕ, ನನ್ನ ಬಾಣ ಸತ್ತುಹೋಗಿದೆ" ಎಂದು ಫೋನು ಮಾಡುತ್ತಿದ್ದರು. ಅಕ್ಕ ಬದುಕಿಸುತ್ತಿದ್ದಳು.

ಇಪ್ಪತ್ತೆರಡನೆಯ ವಯಸ್ಸಿಗೆ ರವಾನೆ ವಿಭಾಗದಲ್ಲಿ ಟೈಪಿಸ್ಟಾಗಿ ಸೇರಿದವಳು. ಕಂಪ್ಯೂಟರು ಬಂದಾಗ ಉಳಿದ ಟೈಪಿಸ್ಟುಗಳು ಮೂಗು ಮುರಿದರು, ಇವಳು ಮೂಗು ತೂರಿಸಿದಳು. ಇಪ್ಪತ್ತೇಳು ವರ್ಷ ಕಳೆದು, ಈಗ ಕಂಪ್ಯೂಟರ್ ವಿಭಾಗ ಎಂಬ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುತ್ತಿದ್ದಳು. ವಿಭಾಗ ಎಂದರೆ ಇಬ್ಬರೇ. ಇವಳು, ಮತ್ತು ಇವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ಏಳು ವರ್ಷದ ಹಿಂದೆ ಅವಳು ಮನೆಯಲ್ಲಿ ಕೂತು ಕೂತು ಬೇಸತ್ತು ಗೋಡೆಗೆ ಮಾತಾಡುವಂತಾದಾಗ, ಹಳೆಯ ಮ್ಯಾನೇಜರ ಕೈಕಾಲು ಹಿಡಿದು ಇವಳೇ ತಾತ್ಕಾಲಿಕ ಕೆಲಸಕ್ಕೆ ಸೇರಿಸಿದ್ದು. ಮೌಸು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದು ಇವಳೇ. ಇಬ್ಬರೂ ಒಂದೇ ಮನೆಯವರು. ಅಣ್ಣ ಕೆಳಗೆ, ತಮ್ಮ ಮೇಲೆ, ಅಡುಗೆಮನೆ ಒಂದೇ. ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಡಬ್ಬಿಯ ಊಟ ಹಂಚಿಕೊಂಡು, ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ನೋಡಿದವರು ಒಡಹುಟ್ಟಿದವರು ಎಂದುಕೊಳ್ಳುತ್ತಿದ್ದರು, ಇವಳು ತಿದ್ದಲು ಹೋಗುತ್ತಿರಲಿಲ್ಲ.

ಬಾಣ ಬದುಕಿಸುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ಕೇಳುವವರಿದ್ದಾರೆ. ಕೇಳಲಿ. ಒಂದು ಕಂಪ್ಯೂಟರಿನಲ್ಲಿ ಒಂದು ಬಾಣ ಮಾಡುವುದು ಮಕ್ಕಳಾಟ, ಒಪ್ಪೋಣ. ಆದರೆ ಅಲ್ಲಿ ಗೇಟಿನಿಂದ ಹಿಡಿದು ಎರಕದ ಮನೆಯ ತನಕ ಐವತ್ತಮೂರು ಕಂಪ್ಯೂಟರುಗಳು, ಒಂದೊಂದರ ಮೇಲೂ ಹನ್ನೆರಡೋ ಹದಿನೈದೋ ಬಾಣ. ಮೇಲಿನವರು ಯಾರೋ ಒಂದು ಫೋಲ್ಡರಿನ ಹೆಸರು ಬದಲಾಯಿಸಿದರೆ ಸಾಕು, ಇನ್ನೂರು ಬಾಣ ಒಟ್ಟಿಗೆ ಸಾಯುತ್ತಿದ್ದವು. ಕಂಪ್ಯೂಟರಿಂದ ಕಂಪ್ಯೂಟರಿಗೆ ಓಡಾಡಿ ಒಂದೊಂದನ್ನೇ ಸರಿಮಾಡುತ್ತ ಹೋದರೆ ಮನುಷ್ಯರ ಬೆನ್ನು ಬಿದ್ದುಹೋಗುತ್ತದೆ. ಬಾಣದಕ್ಕ ಹಾಗೆ ಮಾಡುತ್ತಿರಲಿಲ್ಲ. ಅವಳ ಹತ್ತಿರ ಒಂದು ಪಟ್ಟಿಯಿತ್ತು. ಬರೀ ಅಕ್ಷರಗಳ ಕಡತ, ನೋಟ್‌ಪ್ಯಾಡಿನಲ್ಲಿ ತೆರೆಯುವಂಥದ್ದು. ಬಣ್ಣವಿಲ್ಲ, ಚೌಕವಿಲ್ಲ, ಏನೂ ಇಲ್ಲ. ಸಾಲಿಗೊಂದು ಬಾಣ. ಯಾವ ಕಂಪ್ಯೂಟರು, ತೆರೆಯ ಮೇಲೆ ಯಾವ ಹೆಸರು, ಕಡತ ಎಲ್ಲಿದೆ, ಯಾವ ಚಿತ್ರ, ಈ ನಾಲ್ಕನ್ನು ನಡುವೆ ಗೆರೆ ಹಾಕಿ ಬರೆದರೆ ಮುಗಿಯಿತು. ಬೆಳಗಿನ ಪಾಳಿ ಶುರುವಾಗುವ ಮೊದಲು ಒಂದು ಸಣ್ಣ ಪ್ರೋಗ್ರಾಮು ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಓದಿ, ಐವತ್ತಮೂರು ತೆರೆಗಳ ಮೇಲೂ ಹಳೆಯ ಬಾಣ ಕಿತ್ತು ಹೊಸದನ್ನು ನೆಡುತ್ತಿತ್ತು.

ಒಮ್ಮೆ ದೊಡ್ಡ ಯಂತ್ರವನ್ನೇ ಬದಲಾಯಿಸಿದರು. ಏಳುನೂರು ಚಿಲ್ಲರೆ ಬಾಣಗಳು ಒಂದೇ ಏಟಿಗೆ ಸತ್ತವು. ಹೊರಗಿನಿಂದ ಬಂದ ತಂತ್ರಜ್ಞರು ಕತ್ತಿನಪಟ್ಟಿ ಸರಿಮಾಡಿಕೊಂಡು "ನಾಲ್ಕು ದಿನ ಬೇಕು" ಎಂದರು. ಬಾಣದಕ್ಕ ಪಟ್ಟಿ ತೆರೆದಳು, ಹಳೆಯ ಯಂತ್ರದ ಹೆಸರು ಇರುವಲ್ಲೆಲ್ಲ ಹೊಸ ಹೆಸರು ಹಾಕು ಎಂದು ಒಂದೇ ಒಂದು ಅಪ್ಪಣೆ ಕೊಟ್ಟಳು, ಉಳಿಸಿದಳು, ಟೀ ಕುಡಿಯಲು ಹೋದಳು. ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಎಲ್ಲ ಬಾಣಗಳೂ ಎದ್ದು ಕೂತಿದ್ದವು. ತಂತ್ರಜ್ಞರ ಮುಖ ನೋಡಬೇಕಿತ್ತು.

ಆದರೆ ಅವಳ ಹೆಚ್ಚುಗಾರಿಕೆ ಅದಲ್ಲ. ಕಡತಗಳಿಗೆ ಕಚೇರಿ ಕೊಟ್ಟ ಹೆಸರುಗಳಿರುತ್ತವಲ್ಲ, ಹದಿನೇಳು-ಬಿ, ಪರಿಷ್ಕೃತ, ಅಂತಿಮ, ಅಂತಿಮ-ಎರಡು ಎಂಬ ಥರದವು, ಅವನ್ನು ಅವಳು ತೆರೆಯ ಮೇಲೆ ತರುತ್ತಲೇ ಇರಲಿಲ್ಲ. ಆಯಾ ಮನುಷ್ಯ ಅದನ್ನು ಬಾಯಲ್ಲಿ ಏನೆನ್ನುತ್ತಾನೋ ಅದೇ ಹೆಸರು. ಗೇಟಿನವನಿಗೆ 'ಲಾರಿ ಒಳಗೆ', 'ಲಾರಿ ಹೊರಗೆ'. ಎರಕದ ಮನೆಯ ಮೇಸ್ತ್ರಿಗೆ 'ಇವತ್ತಿನ ಕುದಿ', ಅಂದರೆ ಆ ದಿನ ಕರಗಿಸಿದ ಕಬ್ಬಿಣದ ಲೆಕ್ಕ. ಗಿರಾಕಿಗಳ ದೂರು ನೋಡುವ ಗುಮಾಸ್ತನ ತೆರೆಯಲ್ಲಿ 'ಬೈಗುಳ' ಎಂದೂ, ಅದರ ಪಕ್ಕದಲ್ಲಿ 'ನಮ್ಮ ಉತ್ತರ' ಎಂದೂ ಇತ್ತು. ಒಂದು ಸಲ ಯಾರೋ ದೊಡ್ಡವರು ಬಂದು ನೋಡಿ ಇದೇನಿದು ಎಂದಾಗ ಗುಮಾಸ್ತ, "ಸರ್, ಒತ್ತಿ ನೋಡಿ, ಹೆಸರಿಗೆ ತಕ್ಕ ಹಾಗೇ ಇದೆ" ಎಂದಿದ್ದ.

ಇಷ್ಟು ಮಂದಿಯ ಇಷ್ಟು ಬಗೆಯನ್ನು ನೆನಪಿಡುವುದು ಹೇಗೆ? ಅದಕ್ಕೆ ಪಟ್ಟಿಯಲ್ಲೇ ಒಂದು ಉಪಾಯವಿತ್ತು. ಸಾಲಿನ ಮೊದಲಿಗೆ ಅರ್ಧವಿರಾಮ, ಅಂದರೆ ಚುಕ್ಕಿಯ ಕೆಳಗೆ ಬಾಲವಿರುವ ಆ ಗುರುತು, ಹಾಕಿಬಿಟ್ಟರೆ ಪ್ರೋಗ್ರಾಮು ಆ ಸಾಲನ್ನು ಓದದೆ ದಾಟಿಹೋಗುತ್ತದೆ. ಅಲ್ಲಿ ನೀವು ಏನು ಬೇಕಾದರೂ ಬರೆದುಕೊಳ್ಳಬಹುದು. ಅವಳು ಮೊದಮೊದಲು ಯಂತ್ರದ ವಿಷಯ ಬರೆದಳು: ಈ ಕಂಪ್ಯೂಟರು ನಿಧಾನ, ಇದರ ತೆರೆ ಸಣ್ಣದು. ಬರಬರುತ್ತಾ ಮನುಷ್ಯರ ವಿಷಯ ಬಂತು. ಇವರಿಗೆ ಬಲಗಣ್ಣು ಮಂಜು, ಚಿತ್ರ ದೊಡ್ಡದಿರಲಿ. ಇವರಿಗೆ ಗಂಡ ತೀರಿಕೊಂಡ ಮೇಲೆ ಮರೆವು ಬಂದಿದೆ, ಒಂದೇ ಬಾಣ ಎರಡು ಕಡೆ ಇಡು. ಮೇಸ್ತ್ರಿಯ ಕೈ ನಡುಗುತ್ತದೆ, ಬಾಣಗಳ ನಡುವೆ ಜಾಗ ಬಿಡು. ಯಾರನ್ನೂ ಆಡಿಕೊಳ್ಳಲು ಬರೆದದ್ದಲ್ಲ. ಯಂತ್ರ ಓದುವುದಿಲ್ಲ, ಇನ್ನು ಮನುಷ್ಯರು ಯಾರು ಬಂದು ಓದುತ್ತಾರೆ ಎಂಬ ಧೈರ್ಯ. ಹನ್ನೊಂದು ವರ್ಷ ಆ ಧೈರ್ಯದಲ್ಲೇ ಬರೆದಳು.

ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಸ್ಟೋರಣ್ಣ. ಇವಳಿಗಿಂತ ಎಂಟು ವರ್ಷ ದೊಡ್ಡವನು. ಬೇರಿಂಗು, ಬುಷ್ಷು, ಶಾಫ್ಟು ಎಂದು ನಾಲ್ಕು ಸಾವಿರ ಸಾಮಾನಿನ ನಂಬರು ಅವನ ನಾಲಿಗೆಯ ತುದಿಯಲ್ಲಿತ್ತು. ಸಾಮಾನು ಕೈಗೆ ಕೊಟ್ಟರೆ ಸಾಕು, ತಿರುಗಿಸಿ ನೋಡದೆ ನಂಬರು ಹೇಳುತ್ತಿದ್ದ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ಲೆಕ್ಕ ತಲೆಕೆಳಗಾಯಿತು. ಉಗ್ರಾಣದಿಂದ ಸಾಮಾನು ಹೊರಗೆ ಹೋಗುತ್ತಿದೆ, ಕಂಪ್ಯೂಟರಿನಲ್ಲಿ ಒಳಗೆ ಬರುತ್ತಿದೆ. ಬಾಣದಕ್ಕ ಓಡಿಹೋಗಿ ನೋಡಿದಳು. ಹಿಂದಿನ ದಿನ ಅವಳು ಪಟ್ಟಿ ತಿದ್ದಿದಾಗ ಬಾಣಗಳು ಅಕಾರಾದಿಯಲ್ಲಿ ಸ್ಥಾನ ಬದಲಾಯಿಸಿದ್ದವು. ಸ್ಟೋರಣ್ಣ ಹಳೆಯ ಜಾಗದಲ್ಲಿದ್ದುದನ್ನೇ ಒತ್ತುತ್ತ ಹೋಗಿದ್ದ.

"ಅಣ್ಣ, ಹೆಸರು ನೋಡಿ ಒತ್ತಬಾರದಾ? ವಾಪಸು ಬಂದದ್ದು ಅಂತ ಇಷ್ಟು ದೊಡ್ಡದಾಗಿ ಬರೆದಿದೆಯಲ್ಲ" ಎಂದಳು.

ಸ್ಟೋರಣ್ಣ ಎದ್ದು ಹೋಗಿ ಕೌಂಟರಿನ ಬಾಗಿಲು ಎಳೆದು ಬಂದ.

"ತಂಗಿ, ಅಂಕಿ ನನಗೆ ಬರುತ್ತೆ. ಅಕ್ಷರ ಬರಲ್ಲ" ಎಂದ. "ನನ್ನ ಹೆಂಡತಿಗೆ ಒಬ್ಬಳಿಗೇ ಗೊತ್ತಿತ್ತು. ಮನೆಗೆ ಬರೋ ಕಾಗದ ಪತ್ರ ಎಲ್ಲ ಅವಳೇ ಓದಿ ಹೇಳ್ತಿದ್ದಳು. ಅವಳು ಹೋಗಿ ಒಂಬತ್ತು ವರ್ಷ ಆಯ್ತು. ಈಗ ನಿನಗೆ ಗೊತ್ತಾಯ್ತು. ಇಲ್ಲಿಗೇ ನಿಲ್ಲಲಿ."

"ನಿಲ್ಲುತ್ತೆ ಅಣ್ಣ."

"ಕೆಲಸ ಹೋದರೆ ಹೋಗಲಿ, ಅದಕ್ಕಲ್ಲ. ನನ್ನ ಮಗಳು ಟೀಚರು. ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸ್ತಾಳೆ. ಅವಳಿಗೆ ಗೊತ್ತಾಗಬಾರದು. ಅಷ್ಟೇ."

ಅವತ್ತೇ ಬಾಣದಕ್ಕ ಉಗ್ರಾಣದ ಬಾಣಗಳ ಹೆಸರು ತೆಗೆದು ಒಂದು, ಎರಡು, ಮೂರು ಎಂದು ಅಂಕಿ ಹಾಕಿದಳು. ಒಂದೊಂದಕ್ಕೂ ಬೇರೆ ಬೇರೆ ಚಿತ್ರ ಕೊಟ್ಟಳು: ಹೊರಗೆ ಹೋಗುವುದಕ್ಕೆ ಕೈಗಾಡಿ, ಒಳಗೆ ಬರುವುದಕ್ಕೆ ಬುಟ್ಟಿ, ಉಳಿದದ್ದಕ್ಕೆ ತಕ್ಕಡಿ. ಯಾರಾದರೂ ಕೇಳಿದರೆ "ಸ್ಟೋರಣ್ಣ ಅಂಕಿಯ ಮನುಷ್ಯ, ಅವರಿಗೆ ಅಕ್ಷರ ಕಂಡರೆ ಅಲರ್ಜಿ" ಎಂದು ನಗಾಡಿ ಸಾಗಹಾಕುತ್ತಿದ್ದಳು. ಸ್ಟೋರಣ್ಣನೂ ಜೊತೆಗೆ ನಗುತ್ತಿದ್ದ. ಮುಂದೆ ಬೇರೆ ಯಾರಾದರೂ ಪಟ್ಟಿ ತಿದ್ದುವಾಗ ಅಂಕಿಗಳನ್ನು ತಪ್ಪೆಂದು ತಿಳಿದು ಹೆಸರು ಹಾಕಿಬಿಟ್ಟಾರು ಎಂಬ ಭಯದಿಂದ, ಆ ಸಾಲುಗಳ ಮೇಲೆ ಅರ್ಧವಿರಾಮ ಹಾಕಿ ಕಾರಣವನ್ನೂ ಬರೆದಿಟ್ಟಳು. ಬರೆದಿಡದೆ ಇರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಆರು ವರ್ಷ ಏನೂ ಆಗಲಿಲ್ಲ. ಆಮೇಲೆ ಅವಳ ಎಡಮಂಡಿ ಕೈಕೊಟ್ಟಿತು. ಆಪರೇಷನ್ ಆಗಲೇಬೇಕು, ಆರು ವಾರ ಮನೆಯಲ್ಲಿರಬೇಕು ಎಂದರು ಡಾಕ್ಟರು. ಹೊರಡುವ ಹಿಂದಿನ ದಿನ ವಾರಗಿತ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿಯ ಕೀಲಿಮಾತು ಕೊಟ್ಟಳು.

"ಬಾಣದ ಸಾಲು ಹೇಗೆ ಬೇಕೋ ಹಾಗೆ ತಿದ್ದು. ಅರ್ಧವಿರಾಮದ ಸಾಲು ಮುಟ್ಟಬೇಡ, ಯಾರಿಗೂ ತೋರಿಸಬೇಡ. ಅದರಲ್ಲಿ ಜನರ ಮಾನ ಇದೆ."

"ಅಕ್ಕ, ಅದನ್ನೂ ನನಗೆ ಹೇಳಬೇಕಾ? ನೀವು ಕಾಲು ನೋಡಿಕೊಳ್ಳಿ, ಇಲ್ಲಿಂದು ನಾನು ನೋಡಿಕೊಳ್ತೀನಿ" ಎಂದಳು ವಾರಗಿತ್ತಿ.

ಕಾಲನ್ನೂ ಅವಳೇ ನೋಡಿಕೊಂಡಳು, ಅದನ್ನು ಮರೆಮಾಚಬಾರದು. ಬೆಳಿಗ್ಗೆ ಬಿಸಿನೀರು ಕಾಯಿಸಿ, ಇವಳ ತಲೆ ಬಾಚಿ, ಹಾಸಿಗೆ ಪಕ್ಕ ಊಟ ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದು ಮಂಡಿಗೆ ಎಣ್ಣೆ ತಿಕ್ಕುತ್ತ ಆಫೀಸಿನ ಸುದ್ದಿ ಹೇಳುತ್ತಿದ್ದಳು. ಹೊಸ ಮ್ಯಾನೇಜರು ಬಂದಿದ್ದಾರೆ, ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಇಡೀ ಕಾರ್ಖಾನೆಗೆ ಒಂದೇ ಹೊಸ ಪ್ರೋಗ್ರಾಮು ಹಾಕಿಸುತ್ತಾರಂತೆ. ಬಾಣದಕ್ಕ ಕಣ್ಣು ಮುಚ್ಚಿಕೊಂಡು ಹೂಂಗುಟ್ಟುತ್ತ, ಹೆತ್ತ ಮಗಳಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ ಎಂದು ಗಂಡನ ಮುಂದೆ ಹೇಳಿ ಕಣ್ಣೊರೆಸಿಕೊಂಡಿದ್ದೂ ಉಂಟು. ಈಗ ಅದನ್ನು ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಎಣ್ಣೆ ತಿಕ್ಕಿದ ಕೈಯೇ ಮಧ್ಯಾಹ್ನ ಆ ಕೆಲಸ ಮಾಡಿ ಬಂದಿತ್ತು.

ಏಳನೆಯ ವಾರದ ಸೋಮವಾರ ಊರುಗೋಲು ಹಿಡಿದು ಕಾರ್ಖಾನೆಗೆ ಹೋದಳು. ವಾರಗಿತ್ತಿ ಮೊದಲ ಬಸ್ಸಿಗೇ ಹೋಗಿಬಿಟ್ಟಿದ್ದಳು, ಏನೋ ಮೀಟಿಂಗಂತೆ. ಗೇಟಿನ ಕಾವಲಿನವನು ಎದ್ದು ನಿಂತು "ಬನ್ನಿ ಮೇಡಂ" ಎಂದ. ಇವಳು ಹಿಂದೆ ತಿರುಗಿ ನೋಡಿದಳು, ಯಾವ ಮೇಡಂ ಬಂದರೋ ಎಂದು. ಕಣ್ಣು ಮಂಜಾದ ಗುಮಾಸ್ತೆ ಎದುರಿಗೆ ಸಿಕ್ಕವಳು ಗೋಡೆ ನೋಡಿಕೊಂಡು ದಾಟಿಹೋದಳು. ಎರಕದ ಮನೆಯ ಮೇಸ್ತ್ರಿಯನ್ನು ಇವಳೇ ತಡೆದು ನಿಲ್ಲಿಸಿದಳು.

"ಏನಾಗಿದೆ ಎಲ್ಲರಿಗೂ? ನಾನೇನು ಸತ್ತು ಎದ್ದು ಬಂದೆನಾ?"

ಮೇಸ್ತ್ರಿ ತನ್ನ ನಡುಗುವ ಎರಡೂ ಕೈಗಳನ್ನು ಅವಳ ಮುಖದ ಮುಂದೆ ಹಿಡಿದ. "ಇದನ್ನ ನೀವು ಬರೆದಿಟ್ಟಿದ್ರಂತಲ್ಲ. ನಮ್ಮ ಮುಂದೆ ಅಣ್ಣ, ಅಪ್ಪ ಅಂತ ನಗ್ತಾ ಮಾತಾಡಿ, ಒಳಗೆ ಹೋಗಿ ಬರೆದಿಟ್ಟಿದ್ರಂತೆ. ಹನ್ನೊಂದು ಜನ ನಾವು. ಹೊಸ ಪ್ರೋಗ್ರಾಮು ಕಲಿಸಿದರೂ ಕಲಿಯೋಕೆ ಆಗದವರು ಅಂತ ಬೋರ್ಡಿಗೆ ಹಾಕಿದಾರೆ, ಹೋಗಿ ನೋಡಿ."

"ಸ್ಟೋರಣ್ಣ?" ಎಂದಳು.

ಮೇಸ್ತ್ರಿ ಹೇಳಿದ. ಹನ್ನೊಂದು ಜನರನ್ನೂ ಮ್ಯಾನೇಜರು ಒಟ್ಟಿಗೆ ತಮ್ಮ ಕೋಣೆಗೆ ಕರೆಸಿದ್ದರು. ಉಳಿದವರನ್ನು ಒಂದೆರಡು ಮಾತು ಕೇಳಿದರು. ಸ್ಟೋರಣ್ಣನ ಕೈಗೆ ಒಂದು ಕಾಗದ ಕೊಟ್ಟು, ಗಟ್ಟಿಯಾಗಿ ಓದಿ ಎಂದರು. ಅವನು ಕಾಗದ ನೋಡಿದ, ಮ್ಯಾನೇಜರ ಮುಖ ನೋಡಿದ. ಗೋಡೆಯ ಮೇಲೆ ಗಡಿಯಾರವಿತ್ತು, ಅದನ್ನೂ ನೋಡಿದ. ಆಮೇಲೆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದ. ಮಾರನೆಯ ದಿನ ಅವನನ್ನು ಗುಜರಿ ಅಂಗಳಕ್ಕೆ ಹಾಕಿದರು.

ಬಾಣದಕ್ಕ ಊರುಗೋಲು ಊರಿಕೊಂಡು ಮಹಡಿ ಹತ್ತಿದಳು. ಮ್ಯಾನೇಜರು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಮೇಜಿನ ಮೇಲೆ ಪಟ್ಟಿಯ ಮುದ್ರಿತ ಪ್ರತಿಯಿತ್ತು, ಹದಿನೆಂಟು ಪುಟ, ನೀಟಾಗಿ ಪಿನ್ನು ಹೊಡೆದಿದ್ದರು. ಅರ್ಧವಿರಾಮದ ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದಿತ್ತು.

"ನೀವೇ ಅಲ್ವಾ ಇದನ್ನ ಮಾಡಿದ್ದು? ಇಷ್ಟು ಚೆನ್ನಾಗಿ ಬರೆದಿಟ್ಟದ್ದನ್ನ ನಾನು ಎಲ್ಲೂ ನೋಡಿಲ್ಲ" ಎಂದರು. ಕುಹಕವಲ್ಲ, ಮನಸಾರೆ ಹೊಗಳಿದ್ದು. ಅದೇ ಹೆಚ್ಚು ಚುಚ್ಚಿತು.

"ಸಾರ್, ಇದು ಅವರಿಗೆ ಸಹಾಯ ಮಾಡೋಕೆ ಬರೆದದ್ದು. ಅವರನ್ನ ತೆಗೆಯೋಕೆ ಅಲ್ಲ."

"ಯಾರನ್ನೂ ತೆಗೆದಿಲ್ಲವಲ್ಲ. ಬೇರೆ ಕೆಲಸ ಕೊಟ್ಟಿದೀವಿ. ಕಚೇರಿಯ ಯಂತ್ರದಲ್ಲಿದ್ದ ಕಡತ, ಕಚೇರಿಗೆ ಬೇಕಾಯ್ತು. ಮನೆಯಲ್ಲಿದ್ದ ಡೈರಿ ಆಗಿದ್ದರೆ ನಾವು ಮುಟ್ಟುತ್ತಿದ್ದೆವಾ ಹೇಳಿ?" ಎಂದು ನಕ್ಕರು. "ನಿಮ್ಮ ವಾರಗಿತ್ತಿ ತಾವಾಗೇ ತಂದುಕೊಟ್ಟರು. ಹೋದ ವಾರದಿಂದ ಅವರ ಕೆಲಸ ಕಾಯಂ ಆಗಿದೆ, ಮನೆಯಲ್ಲಿ ಹೇಳಿರಬೇಕು."

ಹೇಳಿರಲಿಲ್ಲ. ಹೋದ ವಾರ ಪೂರ್ತಿ, ಆರಕ್ಕೆ ಆರು ದಿನ, ಮಂಡಿಗೆ ಎಣ್ಣೆ ತಿಕ್ಕಿದ್ದಳು, ಹೇಳಿರಲಿಲ್ಲ. ಬಾಣದಕ್ಕ ಪುಟ ತಿರುವಿದಳು. ತನ್ನ ಕೈಬರಹ ಅಲ್ಲದಿದ್ದರೂ ತನ್ನ ಸಾಲುಗಳು. ಒಂದೊಂದನ್ನು ಯಾವ ದಿನ ಬರೆದೆ ಎಂದು ಹೇಳಬಲ್ಲಳು. ಒಂಬತ್ತನೆಯ ಪುಟದಲ್ಲಿ ಅವಳ ಬೆರಳು ನಿಂತಿತು. ಅಲ್ಲಿ ಕಂಪ್ಯೂಟರ್ ವಿಭಾಗದ ಎರಡನೆಯ ಯಂತ್ರ ಬರುತ್ತದೆ, ವಾರಗಿತ್ತಿಯದು. ಅದರ ಮೇಲೆ ಅರ್ಧವಿರಾಮದ ಒಂದು ಸಾಲು ಇರಬೇಕಿತ್ತು, ಇರಲಿಲ್ಲ. ಉಳಿದ ಎಲ್ಲರದ್ದೂ ಇತ್ತು.

ಆ ದಿನ ಬಸ್ಸಿನಲ್ಲಿ ಇಬ್ಬರೂ ಜೊತೆಗೆ ಬರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ವಾರಗಿತ್ತಿ ತರಕಾರಿ ಹೆಚ್ಚುತ್ತಿದ್ದಳು. ಬಾಣದಕ್ಕ ಬಾಗಿಲಿಗೆ ಒರಗಿ ನಿಂತಳು. ಕೂಗಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳು, ಈಗ ಒಂದೇ ಒಂದು ಮಾತು ಕೇಳಿದಳು.

"ಯಾಕೆ?"

ಚಾಕು ನಿಲ್ಲಲಿಲ್ಲ. "ನಾನು ಒಂದಕ್ಷರ ಸೇರಿಸಿಲ್ಲ ಅಕ್ಕ. ಎಲ್ಲಾ ನೀವೇ ಬರೆದಿದ್ದು."

"ಒಂದಕ್ಷರ ಸೇರಿಸಿಲ್ಲ. ಒಂದು ಸಾಲು ತೆಗೆದಿದೀಯ."

ಈಗ ಚಾಕು ನಿಂತಿತು. ವಾರಗಿತ್ತಿ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು. ನಾಚಿಕೆಯದ್ದೋ ಸಿಟ್ಟಿನದ್ದೋ ಹೇಳುವುದು ಕಷ್ಟ, ಎರಡೂ ಇರಬಹುದು.

"ಇವಳಿಗೆ ಅವಸರ ಜಾಸ್ತಿ, ಇವಳು ಮಾಡಿದ್ದನ್ನು ಎರಡು ಸಲ ನೋಡಿ ಆಮೇಲೆ ಉಳಿಸು. ಹಾಗಂತ ಬರೆದಿದ್ದಿರಿ. ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಡಬ್ಬಿಯ ಊಟ ಉಂಡು ಬರೆದಿದ್ದಿರಿ. ಏಳು ವರ್ಷ ಅಕ್ಕ. ಏಳು ವರ್ಷ ನಾನು ತಾತ್ಕಾಲಿಕ ಯಾಕೆ ಅಂತ ಗೊತ್ತಿರಲಿಲ್ಲ ನನಗೆ. ಪಟ್ಟಿ ಕೈಗೆ ಬಂದ ದಿನ ಗೊತ್ತಾಯ್ತು."

"ಅದನ್ನ ನಾನು ಯಾರಿಗೂ ಹೇಳಿಲ್ಲ. ನನಗೋಸ್ಕರ ಬರೆದುಕೊಂಡಿದ್ದು. ನೀನು ಮಾಡಿದ ತಪ್ಪು ನಿನ್ನ ತಲೆಗೆ ಬರದ ಹಾಗೆ ತಿದ್ದೋಕೆ."

"ನನಗೆ ಹೇಳಬಹುದಿತ್ತಲ್ಲ."

ಬಾಣದಕ್ಕ ಹೊಸ್ತಿಲು ದಾಟಿ ಒಳಗೆ ಬಂದಳು. ಕೇಳಿದಳು. "ನನ್ನ ಮೇಲೆ ಸಿಟ್ಟಿದ್ದರೆ ನನ್ನ ಹೆಸರು ಹಾಳು ಮಾಡಬೇಕಿತ್ತು. ಆ ಹನ್ನೊಂದು ಜನ ನಿನಗೇನು ಮಾಡಿದ್ದರು? ನಿನ್ನ ಸಾಲಿಗೆ ಮಾತ್ರ ನಾಚಿಕೆ ಆಯ್ತು, ಅವರದ್ದಕ್ಕೆ ಆಗಲಿಲ್ಲವಾ?"

ವಾರಗಿತ್ತಿ ಮತ್ತೆ ಹೆಚ್ಚತೊಡಗಿದಳು. "ನನಗೂ ಒಂದು ಜಾಗ ಬೇಕಿತ್ತು" ಎಂದಳು, ತರಕಾರಿ ಎಲ್ಲ ಹೆಚ್ಚಿ ಮುಗಿದ ಮೇಲೆ. ಆ ಹೊತ್ತಿಗೆ ಬಾಣದಕ್ಕ ತನ್ನ ಕೋಣೆಗೆ ಹೋಗಿಯಾಗಿತ್ತು. ಗಂಡ ಬಂದು ಏನು ಎಂದು ಕೇಳಿದಾಗ, "ನಿಮ್ಮ ತಮ್ಮನ ಹೆಂಡತಿ ನನ್ನ ಕತ್ತು ಕೊಯ್ದಳು" ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಇಬ್ಬರು ಹೆಂಗಸರ ಜಗಳ ಎಂದುಕೊಂಡು, ನಾಳೆ ಸರಿಹೋಗುತ್ತದೆ ಎಂದು ಊಟಕ್ಕೆ ಕೂತ.

ಮಾರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಗುಜರಿ ಅಂಗಳಕ್ಕೆ ಹೋದಳು. ಕಾರ್ಖಾನೆಯ ಹಿಂಭಾಗ, ತಗಡಿನ ಬೇಲಿಯೊಳಗೆ ಒಡೆದ ಎರಕದ ತುಂಡು, ತುಕ್ಕು ಹಿಡಿದ ಕೊಳವೆ, ಕೆಟ್ಟ ಮೋಟಾರುಗಳ ಗುಡ್ಡೆ. ಸ್ಟೋರಣ್ಣ ಬೋರಲು ಹಾಕಿದ ಪಂಪಿನ ಕವಚದ ಮೇಲೆ ಕೂತು ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದ. ಇವಳನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

"ಬಾ, ಕೂತ್ಕೋ. ಮಂಡಿ ಹೇಗಿದೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮಂಡಿ ವಿಚಾರಿಸಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಣ್ಣ, ನಾನು ಕೊಟ್ಟಿಲ್ಲ. ನನ್ನ ಮನೆಯವಳೇ ನನಗೆ ದ್ರೋಹ ಮಾಡಿದಳು. ನಂಬಿ ಕೈಗೆ ಕೊಟ್ಟಿದ್ದೆ."

"ಗೊತ್ತು. ಹೇಳಿದರು."

"ಮಗಳಿಗೆ..."

"ಗೊತ್ತಾಯ್ತು. ಮೇಸ್ತ್ರಿಯ ಮೊಮ್ಮಗ ಅವಳ ಕ್ಲಾಸಲ್ಲೇ ಓದೋದು." ಸ್ಟೋರಣ್ಣ ಡಬ್ಬಿಯ ಕೊಂಡಿ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ. "ಭಾನುವಾರ ಬಂದಿದ್ದಳು. ಬೈಲಿಲ್ಲ. ಅವಳು ಟೀಚರ ಟ್ರೈನಿಂಗಿಗೆ ಹೋಗಿದ್ದಾಗ, ಅವಳ ಅಮ್ಮ ತೀರಿಕೊಂಡ ಮೇಲೆ, ಒಂದು ವರ್ಷ ನನಗೆ ಕಾಗದ ಬರೀತಿದ್ದಳು. ಫೋನಲ್ಲಿ ಹೇಳೋಕೆ ಆಗಲ್ಲ ಅಪ್ಪ, ಬರೆದಿದೀನಿ, ಓದಿ ಅಂತಿದ್ದಳು. ಓದಿದೆ ಮಗಳೇ ಅಂತಿದ್ದೆ. ಅವನ್ನ ಯಾರು ಓದಿ ಹೇಳಿದರು ಅಪ್ಪ, ಅಂತ ಕೇಳಿದಳು."

"ಏನಂದ್ರಿ?"

"ಯಾರೂ ಓದಿಲ್ಲ ಅಂದೆ. ಪೆಟ್ಟಿಗೆಯಲ್ಲಿ ಹಾಗೇ ಇದ್ದವು, ಒಡೆಯದೆ. ತಗೊಂಡು ಹೋದಳು."

ಬೇಲಿಯ ಆಚೆ ಲಾರಿಯೊಂದು ಹಿಂದಕ್ಕೆ ಬರುವ ಸದ್ದು ಕೇಳಿಸುತ್ತಿತ್ತು. ಸ್ಟೋರಣ್ಣ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಮಡಿಕೆಗಳಲ್ಲಿ ಎಣ್ಣೆಗಪ್ಪು ಹತ್ತಿತ್ತು.

"ಅವತ್ತು ಇದನ್ನೇ ಓದು ಅಂತ ಕೈಗೆ ಕೊಟ್ಟಿದ್ದು. ಇದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಮೇಸ್ತ್ರಿಯನ್ನ ಕೇಳಬಹುದಿತ್ತು, ಕೇಳಲಿಲ್ಲ. ಮಗಳ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ. ನೀನು ಬರೆದಿದ್ದಂತಲ್ಲ, ನೀನೇ ಓದು."

"ಬೇಡ ಅಣ್ಣ."

"ಓದು ತಂಗಿ. ಊರೆಲ್ಲ ಓದಿ ಆಯ್ತು."

ಅವಳು ಕಾಗದ ಬಿಡಿಸಿದಳು. ಹಳದಿ ಬಣ್ಣದ ಮೂರು ಸಾಲು. ಗಟ್ಟಿಯಾಗಿ ಓದತೊಡಗಿದಳು.

"ಇಲ್ಲಿ ಬಾಣಗಳಿಗೆ ಹೆಸರು ಹಾಕಬಾರದು, ಅಂಕಿ ಮತ್ತು ಚಿತ್ರ ಮಾತ್ರ." ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದಳು. "ಸ್ಟೋರಣ್ಣನಿಗೆ ಓದಲು ಬರುವುದಿಲ್ಲ." ಅಲ್ಲಿಗೆ ಓದು ನಿಲ್ಲಿಸಿದಳು.

"ಇನ್ನೊಂದು ಸಾಲಿದೆ ಅನಿಸುತ್ತೆ. ಬಣ್ಣ ಮೂರು ಕಡೆ ಕಾಣುತ್ತೆ."

"ಮಗಳಿಗೆ ಗೊತ್ತಿಲ್ಲ. ಯಾರಿಗೂ ಹೇಳಬಾರದು."

"ಮಗಳಿಗೆ ಗೊತ್ತಿಲ್ಲ ಅಂತಲೂ ಬರೆದಿದೀಯ?"

"ಹೂಂ."

ಅವನು ತಲೆಯಾಡಿಸಿದ. ಸಿಟ್ಟು ಕಾಣಲಿಲ್ಲ. ಸಾಮಾನು ಕೈಗೆ ಕೊಟ್ಟಾಗ ತೂಕ ನೋಡುತ್ತಿದ್ದನಲ್ಲ, ಹಾಗಿತ್ತು ಮುಖ.

"ನಾನು ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿಲ್ಲ ನೀನು" ಎಂದ. "ನೋಡು, ನಿನ್ನ ವಾರಗಿತ್ತಿ ನಿನಗೆ ಮೋಸ ಮಾಡಿದಳು. ಅದು ನಿಜ, ನಿನಗೆ ಹೊಟ್ಟೆ ಉರಿಯೋದು ಸಹಜ. ಆದರೆ ಅವಳ ಮೇಲೆ ನಾನು ಯಾಕೆ ಸಿಟ್ಟು ಮಾಡಲಿ? ಅವಳಿಗೆ ನಾನೇನೂ ಹೇಳಿರಲಿಲ್ಲ."

ಅವಳು ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮತ್ತೆ ಮಡಿಸಿದಳು.

"ನಾನು ಹೇಳಿದ್ದು ನಿನಗೆ. ಬಾಗಿಲು ಹಾಕಿ, ಬಾಯಲ್ಲಿ ಹೇಳಿದ್ದೆ. ನಾಲ್ಕು ಸಾವಿರ ನಂಬರು ನಾನು ತಲೆಯಲ್ಲಿ ಇಟ್ಟುಕೊಂಡಿದೀನಿ ತಂಗಿ. ನನ್ನದೊಂದು ಮಾತು ನಿನ್ನ ತಲೆಯಲ್ಲಿ ನಿಲ್ಲಲಿಲ್ಲವಾ?"

ಲಾರಿ ಬಂದು ತೂಕದ ಕಟ್ಟೆಯ ಮೇಲೆ ನಿಂತಿತು. ಸ್ಟೋರಣ್ಣ ಎದ್ದು, ಪ್ಯಾಂಟಿನ ಮೇಲಿನ ಧೂಳು ಕೊಡವಿಕೊಂಡು, ಅದನ್ನು ತೂಗಿಸಲು ಹೋದ.